ಕಾಫಿಗೆ ಹೊರಳುವ ನಾಲಿಗೆ ಫಾತಿಮಾಗೇಕೆ ತೊದಲುತ್ತದೆ?

ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ರಕ್ತ ಪರೀಕ್ಷೆಯ ಕೇಂದ್ರ. ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೇ ಬರಿಹೊಟ್ಟೆಯಲ್ಲಿ ಹೋಗಿ, ಹೆಸರು ಬರೆಸಿ ಕೂತರು. ಎಂಟಾಯಿತು, ಎಂಟೂವರೆಯಾಯಿತು, ಕರೆ ಬರಲಿಲ್ಲ. ನಂತರ ಬಂದವರೆಲ್ಲ ರಕ್ತ ಕೊಟ್ಟು, ತೋಳು ಮಡಚಿಕೊಂಡು ತಿಂಡಿಗೆ ಹೋದರು. ನಾನು ಎದ್ದು ವಿಚಾರಿಸಿದೆ. "ಎರಡು ಸಲ ಕರೆದೆವು, ಯಾರೂ ಏಳಲಿಲ್ಲ" ಎಂಬ ಉತ್ತರ ಬಂತು. ಏನೆಂದು ಕರೆದಿರಿ ಎಂದು ಕೇಳಿದೆ. ಮೇಜಿನ ಹಿಂದಿದ್ದ ಹುಡುಗಿ ಪರದೆ ನೋಡಿಕೊಂಡು ಏನೋ ಒಂದನ್ನು ಓದಿದಳು. ನನ್ನ ತಾಯಿಯ ಹೆಸರು ಇಂಗ್ಲಿಷಿನಲ್ಲಿ ಝಡ್ ಅಕ್ಷರದಿಂದ ಶುರುವಾಗುತ್ತದೆ. ಆ ಹುಡುಗಿಯ ಬಾಯಿಂದ ಬಂದ ಶಬ್ದವನ್ನು ಅವರು ತಮ್ಮ ಅರವತ್ತೆಂಟು ವರ್ಷಗಳ ಬಾಳಿನಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ಅದು ನಾನಾ? ಯಾರೋ ಗುಜರಾತಿನವರನ್ನು ಕರೀತಿದಾರೆ ಅಂದ್ಕೊಂಡೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈ ಪ್ರಸಂಗವನ್ನು ನನ್ನ ಗೆಳೆಯರೊಬ್ಬರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಓದಿಕೊಂಡವರು, ನನ್ನ ಹಿತೈಷಿ. ಅವರೆಂದರು: "ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋಬಾರದು ಸಾರ್. ನಿಮ್ಮ ಹೆಸರುಗಳು ನಮ್ಮ ನಾಲಿಗೆಗೆ ಹೊರಳೋದಿಲ್ಲ, ಅಷ್ಟೇ." ಈ ಲೇಖನ ಆ ಮಾತಿಗೆ ಉತ್ತರ. ಅದೇ ಮಾತನ್ನು ನಾನು ಬೇರೆಯವರ ಹೆಸರಿನ ಬಗ್ಗೆ ಎಷ್ಟು ಸಲ ಆಡಿದ್ದೇನೆ ಎಂಬುದಕ್ಕೂ ಇದೇ ಉತ್ತರ.

ತಪ್ಪು ನಾಲಿಗೆಯದಲ್ಲ

ಮೊದಲು ನಾಲಿಗೆಯ ವಿಚಾರಣೆಯಾಗಲಿ. ಫಾತಿಮಾ ಎಂಬ ಹೆಸರು 'ಪಾತಿಮಾ' ಆಗುವುದು ಏಕೆ ಎಂದರೆ, ಕೆಳತುಟಿಯನ್ನು ಮೇಲುಹಲ್ಲಿಗೆ ತಾಗಿಸಿ ಗಾಳಿ ಬಿಡುವ ಆ ಧ್ವನಿ ಕನ್ನಡದ್ದಲ್ಲ ಎನ್ನುತ್ತಾರೆ. ನಿಜ, ನಮ್ಮ ವರ್ಣಮಾಲೆಯ 'ಫ' ಹುಟ್ಟಿದ್ದು 'ಪ'ದ ಮಹಾಪ್ರಾಣವಾಗಿ. ಆದರೆ ಜಯನಗರದ ಯಾವುದೇ ಹೋಟೆಲಿನಲ್ಲಿ ಬೆಳಿಗ್ಗೆ ನಿಂತು ಕಿವಿಗೊಡಿ. "ಎರಡು ಫಿಲ್ಟರ್ ಕಾಫಿ" ಎನ್ನುವಾಗ ಒಂದೇ ಉಸಿರಿನಲ್ಲಿ ಎರಡು ಬಾರಿ ಆ ಧ್ವನಿ ಶುದ್ಧವಾಗಿ ಬರುತ್ತದೆ. ಕಾಫಿ ಎಂಬ ಪದದ ಮೂಲವೂ ಅರಬ್ಬಿಯ 'ಕಹ್ವಾ'. ಫ್ಯಾನು, ಫೋನು, ಆಫೀಸು ಎಲ್ಲವೂ ಸರಿಯಾಗಿಯೇ ಬರುತ್ತವೆ. ಅಷ್ಟೇ ಅಲ್ಲ, ಆ ಧ್ವನಿ ಬೇಕಿಲ್ಲದ ಸಂಸ್ಕೃತದ 'ಫಲ', 'ಸಫಲ'ಗಳಲ್ಲೂ ನಮ್ಮ ನಗರದ ನಾಲಿಗೆ ಅದನ್ನೇ ಉಚ್ಚರಿಸುತ್ತದೆ. 'ಝ' ಧ್ವನಿಯ ಕಥೆಯೂ ಇಷ್ಟೇ. ಅಝೀಝ್ ಎನ್ನಲಾಗದವರು 'ಝೀರೋ' ಎನ್ನಬಲ್ಲರು, ಮಕ್ಕಳನ್ನು 'ಝೂ'ಗೆ ಕರೆದುಕೊಂಡು ಹೋಗಬಲ್ಲರು.

ಇನ್ನೂ ಮುಂದೆ ಹೋಗೋಣ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳು ನಮ್ಮ ಮಕ್ಕಳಿಗೆ ವಾರಗಟ್ಟಲೆ ಉಚ್ಚಾರಣೆಯ ತರಬೇತಿ ಕೊಟ್ಟವು. ಅಮೆರಿಕದ ಊರುಗಳ ಹೆಸರು, ಅಲ್ಲಿನ ಗಿರಾಕಿಗಳ ಹೆಸರು ತಪ್ಪಬಾರದೆಂದು ರಾತ್ರಿಯೆಲ್ಲ ಅಭ್ಯಾಸ ನಡೆಯಿತು. ನಾಲಿಗೆ ಹೊರಳಿತು, ಏಕೆಂದರೆ ಅದಕ್ಕೆ ಸಂಬಳವಿತ್ತು. ಇಂದು ಜೆ.ಪಿ. ನಗರದ ಕೆಫೆಗಳಲ್ಲಿ ಫ್ರೆಂಚರ ತಿಂಡಿಯ ಹೆಸರನ್ನು 'ಕ್ರೊಸಾಂ' ಎಂದೇ ಹೇಳಬೇಕೆಂದು ನಮ್ಮ ಯುವಕರಿಗೆ ಗೊತ್ತು. ತಪ್ಪಿದರೆ ಮರ್ಯಾದೆ ಹೋಗುತ್ತದೆ. ಟೆನ್ನಿಸ್ ಆಟಗಾರ ಜೊಕೊವಿಚ್‌ನ ಹೆಸರನ್ನು ಶಾಲೆಯ ಮಕ್ಕಳೂ ತಪ್ಪಿಲ್ಲದೆ ಹೇಳುತ್ತಾರೆ. ಯಾರ ಮುಂದೆ ನಮಗೆ ನಾಚಿಕೆಯಾಗಬಹುದೋ ಅವರ ಹೆಸರು ನಮಗೆ ಬರುತ್ತದೆ. ಯಾರ ಮುಂದೆ ನಾಚಿಕೆಯ ಪ್ರಶ್ನೆಯೇ ಇಲ್ಲವೋ ಅವರ ಹೆಸರು ಮಾತ್ರ ಕಠಿಣ.

ಇದಕ್ಕೆ ಇನ್ನೊಂದು ಸಾಕ್ಷಿ ಬೇಕೆ? ಬಿ.ಟಿ.ಎಂ. ಬಡಾವಣೆಯಲ್ಲೋ ಬನಶಂಕರಿಯಲ್ಲೋ ಬಾಡಿಗೆ ಮನೆ ಹುಡುಕಿದ ಮುಸ್ಲಿಮನನ್ನು ಕೇಳಿ. ಫೋನಿನಲ್ಲಿ ಮುಂಗಡ, ಬಾಡಿಗೆ, ನೀರಿನ ಮಾತೆಲ್ಲ ಮುಗಿಯುತ್ತದೆ. "ತಮ್ಮ ಹೆಸರು?" ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಹೆಸರು ಹೇಳಿದ ಮೇಲೆ "ನಿನ್ನೆಯೇ ಒಬ್ಬರು ಮುಂಗಡ ಕೊಟ್ಟುಬಿಟ್ಟರು" ಎಂಬ ಉತ್ತರ. ಅಲ್ಲಿ ಯಾರೂ "ಇನ್ನೊಮ್ಮೆ ಹೇಳಿ, ಅರ್ಥವಾಗಲಿಲ್ಲ" ಎನ್ನುವುದಿಲ್ಲ. ಕರೆಯುವುದಕ್ಕೆ ಬಾರದ ಹೆಸರು ತೂಗುವುದಕ್ಕೆ ಮಾತ್ರ ಒಂದೇ ಸಲಕ್ಕೆ ತಿಳಿಯುತ್ತದೆ. ಹೆಸರು ಕೇಳುವುದರಲ್ಲಿ ಎರಡು ಬಗೆಯಿದೆ, ಕರೆಯಲಿಕ್ಕೆ ಕೇಳುವುದು ಮತ್ತು ಬೇರ್ಪಡಿಸಲಿಕ್ಕೆ ಕೇಳುವುದು. ನಮ್ಮ ಊರಿನಲ್ಲಿ ಎರಡನೆಯದು ಹೆಚ್ಚಾಗಿ, ಮೊದಲನೆಯದು ಕಡಿಮೆಯಾಗಿದೆ. ನನ್ನ ದೂರು ಇರುವುದು ಇಲ್ಲಿ.

ಪದ ಬೇರೆ, ಹೆಸರು ಬೇರೆ

"ಹಾಗಾದರೆ ಕನ್ನಡಿಗರೆಲ್ಲ ಅರಬ್ಬಿ ಕಲಿಯಬೇಕೆ?" ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಒಂದು ಭಾಷೆ ಇನ್ನೊಂದರಿಂದ ಪದ ತೆಗೆದುಕೊಂಡಾಗ ಅದನ್ನು ತನ್ನ ಅಚ್ಚಿಗೆ ಹಾಕಿಕೊಳ್ಳುತ್ತದೆ. ಅದು ಭಾಷೆಯ ಹಕ್ಕು. ಜಮೀನು, ಜಿಲ್ಲೆ, ಅರ್ಜಿ, ಹಾಜರಿ, ರಜೆ ಇವೆಲ್ಲ 'ಝ' ಧ್ವನಿಯೊಂದಿಗೆ ಬಂದು 'ಜ'ಕಾರಕ್ಕೆ ಒಗ್ಗಿಕೊಂಡ ಪದಗಳು. ಇವನ್ನು ತಿದ್ದಲು ಹೊರಡುವವನು ಮೂರ್ಖ. ಕನ್ನಡ ತನ್ನ ಸ್ವಂತ ಪದಗಳನ್ನೇ ಬಿಡಲಿಲ್ಲ. ಹಳಗನ್ನಡದ 'ಪಾಲ್' ಹಾಲಾಯಿತು, 'ಪೂ' ಹೂವಾಯಿತು. ಹಾಗಿರುವಾಗ 'ಝಮೀನ್' ಜಮೀನಾದರೆ ಯಾರಿಗೇನು ನಷ್ಟ?

ಆದರೆ ಹೆಸರು ಸಾಲ ತಂದ ಪದವಲ್ಲ. ಅದಕ್ಕೊಬ್ಬ ಯಜಮಾನ ಇದ್ದಾನೆ, ನಿಮ್ಮ ಎದುರಿಗೇ ನಿಂತಿದ್ದಾನೆ, ಕೇಳಿದರೆ ಹೇಳುತ್ತಾನೆ. ಉತ್ತರ ಕರ್ನಾಟಕದಲ್ಲಿ ಫಕೀರಪ್ಪ ಎಂಬ ಹೆಸರಿನ ಹಿಂದೂಗಳಿದ್ದಾರೆ. ಅರಬ್ಬಿಯ ಫಕೀರನಿಗೆ ಕನ್ನಡದ ಅಪ್ಪ ಜೊತೆಯಾದ ಹೆಸರು. ಅದನ್ನು 'ಪಕೀರಪ್ಪ' ಎಂದು ಅವನ ತಾಯಿಯೇ ಕರೆದರೆ ಅದೇ ಸರಿ, ನಾನು ಹೋಗಿ ಅರಬ್ಬಿಯ ಪಾಠ ಹೇಳಬೇಕಿಲ್ಲ. ನನ್ನ ಕರಾವಳಿಯ ಮಿತ್ರರು ತಮ್ಮನ್ನು 'ಅಬೂಬಕ್ಕರ್' ಎಂದು ಬರೆದುಕೊಳ್ಳುತ್ತಾರೆ. ಸಾರಾ ಅಬೂಬಕ್ಕರ್ ಎಂಬ ಹೆಸರಿನಲ್ಲಿರುವ ಒತ್ತಕ್ಷರ ಅರಬ್ಬಿಯಲ್ಲಿಲ್ಲ, ಆದರೆ ಆ ಲೇಖಕಿಯ ಹೆಸರಿಗೆ ಅದೇ ಸರಿ. ಅಳತೆಗೋಲು ಇರಬೇಕಾದದ್ದು ಹೆಸರು ಹೊತ್ತವರ ಬಾಯಲ್ಲೇ, ಅರಬ್ಬಿಯ ನಿಘಂಟಿನಲ್ಲೂ ಅಲ್ಲ, ಕನ್ನಡದ ವ್ಯಾಕರಣದಲ್ಲೂ ಅಲ್ಲ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಉದಾಹರಣೆಯೂ ಇದೆ. ಹೆಚ್ಚಿನ ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣಗಳಿಲ್ಲ, ಆದ್ದರಿಂದ ಬರಹದಲ್ಲೂ ಅವು ಬೇಡ ಎಂಬುದು ಅವರ ವಾದ. ಅದನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಆದರೆ ಅವರು ತಮ್ಮ ಪುಸ್ತಕಗಳ ಮೇಲೆ ತಮ್ಮ ಹೆಸರನ್ನೇ 'ಶಂಕರ ಬಟ್' ಎಂದು ಅಚ್ಚು ಹಾಕಿಸಿದರು. ತನ್ನ ಹೆಸರನ್ನು ತಾನು ಬಗ್ಗಿಸಿಕೊಳ್ಳಲು ಯಜಮಾನನಿಗೆ ಪೂರ್ಣ ಹಕ್ಕಿದೆ. ನೆರೆಯವನಿಗೆ ಆ ಹಕ್ಕಿಲ್ಲ.

ಹೆಸರನ್ನು ಕತ್ತರಿಸುವುದು ಇನ್ನೊಂದು ಚಾಳಿ. ಅಬ್ದುಲ್ ರಹ್ಮಾನ್ ಎಂದರೆ ಪರಮ ದಯಾಮಯನ ದಾಸ. ಅದರಿಂದ 'ಅಬ್ದುಲ್' ಒಂದನ್ನೇ ಕಿತ್ತು ಕರೆದರೆ ಉಳಿಯುವುದು '...ನ ದಾಸ' ಎಂಬ ಅರ್ಧ ಮಾತು. ಆ ಅರ್ಧ ಮಾತು ಈಗ ಮೊಬೈಲುಗಳಲ್ಲಿ ಇಡೀ ಸಮುದಾಯವನ್ನು ಗೇಲಿ ಮಾಡುವ ಸಾಮಾನ್ಯ ಪದವೂ ಆಗಿಬಿಟ್ಟಿದೆ. ಇನ್ನು ಕೆಲವರು ಆ ಅರ್ಧದ ಗೋಜಿಗೂ ಹೋಗುವುದಿಲ್ಲ. ಇಪ್ಪತ್ತು ವರ್ಷ ಅವರ ಸ್ಕೂಟರು ರಿಪೇರಿ ಮಾಡಿದ ಮನುಷ್ಯ ಅವರಿಗೆ 'ಭಾಯ್' ಅಥವಾ 'ಸಾಬ್ರು'. ತಪ್ಪಾಗಿ ಕರೆಯುವವನು ಕಡೇಪಕ್ಷ ಒಂದು ಹೆಸರಿದೆ ಎಂದಾದರೂ ಒಪ್ಪಿಕೊಂಡಿದ್ದಾನೆ.

ನಡುವೆ ಕೂತ ದಲ್ಲಾಳಿ

ಇಷ್ಟಾದರೂ, ತಪ್ಪೆಲ್ಲ ಅಸಡ್ಡೆಯಿಂದಲೇ ಆಗುತ್ತದೆ ಎಂದರೆ ಅದು ಅನ್ಯಾಯದ ಮಾತಾದೀತು. ರಕ್ತ ಪರೀಕ್ಷೆಯ ಆ ಹುಡುಗಿ ಅಸಡ್ಡೆಯವಳಲ್ಲ. ಅವಳ ಮುಂದಿದ್ದುದು ಇಂಗ್ಲಿಷ್ ಅಕ್ಷರಗಳು. ಅವುಗಳಿಂದ ಹೆಸರನ್ನು ಊಹಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಇಂಗ್ಲಿಷ್ ಲಿಪಿ ಹ್ರಸ್ವ ದೀರ್ಘ ತಿಳಿಸುವುದಿಲ್ಲ, 'ತ'ಕ್ಕೂ 'ಟ'ಕ್ಕೂ ಭೇದ ಹೇಳುವುದಿಲ್ಲ, 'ಲ'ಕ್ಕೂ 'ಳ'ಕ್ಕೂ ಒಂದೇ ಅಕ್ಷರ ಕೊಡುತ್ತದೆ. ಕನ್ನಡವೋ, ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿ. ಆದರೂ ಕನ್ನಡ ನೆಲದಲ್ಲೇ ಹುಟ್ಟಿದ ಮುಸ್ಲಿಮನ ಹೆಸರು ಕನ್ನಡಕ್ಕೆ ನೇರವಾಗಿ ಬರುವುದಿಲ್ಲ. ಮನೆಯ ಮಾತಿನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿ ಕೈಕಾಲು ಮುರಿದುಕೊಂಡು, ಆಮೇಲೆ ಕನ್ನಡಕ್ಕೆ ಬರುತ್ತದೆ.

ಕವಿ ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರನ್ನೇ ನೋಡಿ. ನಿಸಾರ್ ಎಂದರೆ ಉರ್ದುವಿನಲ್ಲಿ ಅರ್ಪಣೆ, ಒಬ್ಬರಿಗಾಗಿ ತನ್ನನ್ನೇ ಸುರಿದುಕೊಳ್ಳುವುದು. ಇಂಗ್ಲಿಷಿನಲ್ಲಿ ಅದನ್ನು ಎರಡು 'ಎಸ್' ಹಾಕಿ ಬರೆಯುವ ರೂಢಿ ಬಿತ್ತು. ಆ ಇಂಗ್ಲಿಷನ್ನು ನೋಡಿ ಕನ್ನಡದಲ್ಲಿ 'ನಿಸ್ಸಾರ್' ಎಂದು ಬರೆದವರಿದ್ದಾರೆ. ಕನ್ನಡದಲ್ಲಿ ನಿಸ್ಸಾರ ಎಂದರೆ ಸಾರವಿಲ್ಲದ್ದು! ತುಂಬಿ ತುಳುಕುವ ಅರ್ಥದ ಹೆಸರು ಒಂದು ಒತ್ತಕ್ಷರದಿಂದ ಬರಿದಾಯಿತು. ಅವರ ಹೆಸರಿನ ಮೊದಲಿರುವ 'ಕೆ' ಕೊಕ್ಕರೆ ಹೊಸಹಳ್ಳಿ ಎಂಬ ಊರಿನದು, 'ಎಸ್' ತಂದೆ ಶೇಖ್ ಹೈದರ್ ಅವರದು. ಊರು, ತಂದೆ, ತಾನು ಎಂಬ ಅಚ್ಚ ಕನ್ನಡ ಪದ್ಧತಿಯ ಹೆಸರದು. ಅದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷಿನ ನೆರವು ಏಕೆ ಬೇಕು?

ಈ ದಲ್ಲಾಳಿ ನಮ್ಮನ್ನು ಮಾತ್ರ ಕೆಡಿಸಿಲ್ಲ. ಬಿ.ಟಿ.ಎಂ. ಎಂಬುದರ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಹೂತುಹೋಗಿವೆ. ಅಲ್ಲಿ ನೆಲೆಸಿದ ಎಷ್ಟು ಜನರಿಗೆ ಅದು ಗೊತ್ತು? ಮಡಿವಾಳ ಎಂಬುದನ್ನು ಇಂಗ್ಲಿಷ್ ಫಲಕದಲ್ಲಿ ಓದಿದ ಹೊಸಬರು 'ಮಡಿವಾಲಾ' ಎನ್ನುತ್ತಾರೆ, ದೂಧ್‌ವಾಲಾ, ಸಬ್ಜಿವಾಲಾ ಇದ್ದ ಹಾಗೆ. ಬಟ್ಟೆ ಮಡಿ ಮಾಡುವ ಒಂದು ಶ್ರಮಿಕ ಸಮುದಾಯದ ಹೆಸರು ಅಲ್ಲಿಗೆ ಮಾಯವಾಯಿತು. ಮೆಟ್ರೊ ರೈಲು 2017ರಲ್ಲಿ ಯಲಚೇನಹಳ್ಳಿಗೆ ಬಂತು. ಇಂಗ್ಲಿಷ್ ಓದಿದವರ ಬಾಯಲ್ಲಿ ಅದು 'ಹಲ್ಲಿ'. ಒಂದು ಊರೇ ಗೋಡೆಯ ಮೇಲಿನ ಹಲ್ಲಿಯಾಯಿತು! ನಮ್ಮ ಕನ್ನಡ ಹೋರಾಟಗಾರ ಮಿತ್ರರಿಗೆ ಇದರಿಂದ ನೋವಾಗುತ್ತದೆ. ಆಗಲೇಬೇಕು. 2005ರ ಕೊನೆಯಲ್ಲಿ ಯು.ಆರ್. ಅನಂತಮೂರ್ತಿ 'ಬ್ಯಾಂಗಲೋರ್' ಎಂಬುದು 'ಬೆಂಗಳೂರು' ಆಗಲಿ ಎಂದು ಸೂಚಿಸಿದರು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬಳ್ಳಾರಿ, ಕಲಬುರಗಿ ಸೇರಿ ಹನ್ನೆರಡು ಊರುಗಳ ಹೆಸರುಗಳಿಗೆ ಇಂಗ್ಲಿಷಿನಲ್ಲೂ ಕನ್ನಡದ ರೂಪ ಬಂತು. ಅದನ್ನು ನೋಡಲು ಅನಂತಮೂರ್ತಿ ಇರಲಿಲ್ಲ, ಆ ವರ್ಷದ ಆಗಸ್ಟಿನಲ್ಲೇ ತೀರಿಕೊಂಡಿದ್ದರು. ಆ ಬದಲಾವಣೆಯ ಹಿಂದಿದ್ದ ತತ್ವ ಸರಳ: ನಮ್ಮ ಊರನ್ನು ನಾವು ಕರೆಯುವಂತೆ ನೀವೂ ಕರೆಯಿರಿ. ನಾನು ಕೇಳುತ್ತಿರುವುದೂ ಅದನ್ನೇ. ಊರಿಗೆ ಸಲ್ಲುವ ನ್ಯಾಯ ಊರಿನಲ್ಲಿರುವ ಮನುಷ್ಯನಿಗೆ ಸಲ್ಲಬಾರದೇ?

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರನ್ನು ಕಂಪ್ಯೂಟರೇ ಕನ್ನಡಕ್ಕೆ ತಿರುಗಿಸುತ್ತದೆ. ನೋಡಿ ತಿದ್ದದಿದ್ದರೆ ಅದೇ ನಿಮ್ಮ ಹೆಸರು. ಮುಹಮ್ಮದ್ ಎಂಬುದರ ಇಂಗ್ಲಿಷ್ ಸಂಕ್ಷೇಪ 'ಮೊಹದ್' ಎಂಬ ಹೊಸ ಮನುಷ್ಯನಾಗುತ್ತಾನೆ, ಸೈಯದ್ 'ಸ್ಯೆಡ್' ಆಗುತ್ತಾನೆ. ನಮ್ಮ ಮನೆಯ ಹಿರಿಯರೊಬ್ಬರಿಗೆ ನಾಲ್ಕು ದಾಖಲೆಗಳಲ್ಲಿ ನಾಲ್ಕು ಹೆಸರುಗಳಿವೆ. ಶಾಲೆಯ ರಿಜಿಸ್ಟರಿನಲ್ಲಿ ಮೇಷ್ಟ್ರ ಕಿವಿಗೆ ಕೇಳಿದ್ದು, ಪಡಿತರ ಚೀಟಿಯಲ್ಲಿ ಗುಮಾಸ್ತರ ಕೈಗೆ ಬಂದದ್ದು, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಪಿಂಚಣಿಯ ಅರ್ಜಿ ಹಾಕಿದಾಗ ಈ ನಾಲ್ವರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಇದು ತಿರುಗಾಟದ ಕಷ್ಟ. ಅಸ್ಸಾಮಿನಲ್ಲಿ ಅದಕ್ಕಿಂತ ದೊಡ್ಡದು ನಡೆಯಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅಪ್ಪನ ಹೆಸರಿನ ಕಾಗುಣಿತ ಒಂದು ಕಾಗದದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದುದರಿಂದ ಕಂಗೆಟ್ಟವರು ಅವರಲ್ಲಿ ಹಲವರು, ಮುಸ್ಲಿಮರೂ ಹೌದು, ಹಿಂದೂಗಳೂ ಹೌದು. ಒಂದು ಕೊಂಬು, ಒಂದು ದೀರ್ಘ, ಮನುಷ್ಯನನ್ನು ತನ್ನದೇ ನೆಲದಲ್ಲಿ ಪರಕೀಯನನ್ನಾಗಿ ಮಾಡಬಲ್ಲದು.

ನಮ್ಮ ಅಂಗಳದ ಕಸ

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ಗುಡಿಸಬೇಕು. ಮದ್ರಸಾದಲ್ಲಿ ನಮ್ಮ ಮಕ್ಕಳಿಗೆ ಅರಬ್ಬಿಯ ಒಂದೊಂದು ಅಕ್ಷರ ಬಾಯಿಯ ಯಾವ ಮೂಲೆಯಿಂದ ಹೊರಡಬೇಕೆಂದು ವರ್ಷಗಟ್ಟಲೆ ಕಲಿಸುತ್ತೇವೆ. ನಮ್ಮ ಕಿವಿಗೆ ಒಂದೇ 'ಸ' ಎನಿಸುವಲ್ಲಿ ಮೂರು ಬೇರೆ ಅಕ್ಷರಗಳಿವೆಯೆಂದು ಏಳು ವರ್ಷದ ಮಗು ಬಲ್ಲದು. ಆ ಮಗು ಬೆಳೆದು ತಿಲಕನಗರದಲ್ಲೋ ಗುರಪ್ಪನಪಾಳ್ಯದಲ್ಲೋ ಅಂಗಡಿ ಇಟ್ಟಾಗ 'ಪಾಳ್ಯ'ವನ್ನು 'ಪಾಲ್ಯ' ಎನ್ನುತ್ತದೆ, 'ಹಳ್ಳಿ'ಯನ್ನು 'ಹಲ್ಲಿ' ಎನ್ನುತ್ತದೆ. ಅರಬ್ಬಿಯ ಅಕ್ಷರಕ್ಕೆ ತೋರಿದ ಶ್ರದ್ಧೆಯ ಒಂದು ಪಾಲು ಕನ್ನಡದ 'ಳ'ಕಾರಕ್ಕೆ ಸಲ್ಲಬಾರದೇ? ಅಷ್ಟು ಸೂಕ್ಷ್ಮವಾಗಿ ಪಳಗಿದ ನಾಲಿಗೆಗೆ ಅದೇನು ಭಾರವೇ?

ನಮ್ಮೊಳಗಿನ ಜಗಳವೂ ಇದೆ. ರಂಜಾನ್ ಎಂದರೆ ತಪ್ಪು, ರಮಝಾನ್ ಎನ್ನಿ, ಅದೂ ತಪ್ಪು, ರಮದಾನ್ ಎನ್ನಿ ಎಂದು ಒಬ್ಬರನ್ನೊಬ್ಬರು ತಿದ್ದುವುದರಲ್ಲೇ ಉಪವಾಸದ ತಿಂಗಳು ಕಳೆಯುತ್ತದೆ. ನಮ್ಮ ಅಜ್ಜಿಯರು ರಂಜಾನ್ ಎಂದೇ ಉಪವಾಸ ಹಿಡಿದವರು. ಕನ್ನಡದ ಪತ್ರಿಕೆ ರಂಜಾನ್ ಎಂದು ಬರೆದರೆ ಅದು ಕನ್ನಡದ ಪದವಾಯಿತು, ಜಮೀನಿನ ಹಾಗೆ. ಪದಕ್ಕೂ ಹೆಸರಿಗೂ ನಾನು ಮಾಡಿದ ಭೇದ ನಮಗೂ ಅನ್ವಯಿಸಲಿ. ಅತಿ ಉತ್ಸಾಹದಲ್ಲಿ ಖದೀಜಾ ಎಂಬುದನ್ನು 'ಖದೀಝಾ' ಎಂದು ಬರೆಯುವವರೂ ನಮ್ಮಲ್ಲಿದ್ದಾರೆ. ಅಲ್ಲಿರುವುದು ಅಪ್ಪಟ 'ಜ'ಕಾರವೇ!

ಇನ್ನು ನಾವು ಕರೆಯುವ ಹೆಸರುಗಳು. ಬಡಾವಣೆಯ ಅಪಾರ್ಟ್‌ಮೆಂಟಿನ ಕಾವಲಿಗೆ ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದ ಹುಡುಗ ನಮ್ಮ ಪಾಲಿಗೂ 'ಬಹದ್ದೂರ್'. ಮಣಿಪುರದ ಹುಡುಗಿ ನಮ್ಮ ಬಾಯಲ್ಲೂ 'ನೇಪಾಳಿ'. ನಮ್ಮನ್ನು ಭಾಯ್ ಎಂದು ಒಂದೇ ರಾಶಿಗೆ ಹಾಕಿದಾಗ ಉರಿಯುವ ಹೊಟ್ಟೆ, ಆಗ ತಣ್ಣಗಿರುತ್ತದೆ.

ಆಗಬೇಕಾದದ್ದು ಇಷ್ಟೇ

ನನ್ನ ಬೇಡಿಕೆ ದೊಡ್ಡದಲ್ಲ. ಹೆಸರು ಬರಲಿಲ್ಲವೆಂದರೆ ಒಮ್ಮೆ ಕೇಳಿ. ಕೇಳುವುದರಿಂದ ಯಾರೂ ಸಣ್ಣವರಾಗುವುದಿಲ್ಲ. ಎರಡನೆಯ ಸಲವೂ ತಪ್ಪಿದರೆ ತೊಂದರೆಯಿಲ್ಲ, ಪ್ರಯತ್ನ ಕಿವಿಗೆ ಕೇಳಿಸುತ್ತದೆ. ಶಾಲೆಯ ದಾಖಲಾತಿಯಲ್ಲಿ, ಗಣತಿಯಲ್ಲಿ, ಮತದಾರರ ಪಟ್ಟಿಯಲ್ಲಿ ಕನ್ನಡದ ಹೆಸರನ್ನು ಇಂಗ್ಲಿಷಿನಿಂದ ತಿರುಗಿಸದೆ ಆ ಮನೆಯವರ ಬಾಯಿಂದ ಕೇಳಿ ಬರೆಯಲಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಲಿ.

ನಮ್ಮವರಿಗೆ ಹೇಳುವುದು ಇನ್ನೂ ಒಂದಿದೆ. ಅರ್ಜಿಯಲ್ಲಿ ಕನ್ನಡದ ಗೆರೆಯನ್ನು ಖಾಲಿ ಬಿಡಬೇಡಿ. ನಿಮ್ಮ ಹೆಸರನ್ನು ನೀವೇ ಕನ್ನಡದಲ್ಲಿ ಬರೆದುಕೊಡಿ, ಎಲ್ಲ ಕಡೆಯೂ ಒಂದೇ ರೀತಿ. ಕನ್ನಡ ಲಿಪಿಗೆ ಅದನ್ನು ಹಿಡಿಯುವ ಶಕ್ತಿಯಿದೆ. ಕರಾವಳಿಯ ಪತ್ರಿಕೆಗಳು 'ಝ'ಕಾರವನ್ನು ಬಳಸುತ್ತಿವೆ, 'ಜ಼', 'ಫ಼' ಎಂದು ಚುಕ್ಕೆ ಇಡುವ ದಾರಿಯೂ ಇದೆ. ಕನ್ನಡದ ಮಕ್ಕಳು ವರ್ಣಮಾಲೆಯಲ್ಲಿ 'ಞ' ಎಂಬ ಅಕ್ಷರವನ್ನು ಕಲಿತು, ಆಮೇಲೆ ಬಹುಮಟ್ಟಿಗೆ ಮರೆಯುತ್ತಾರೆ. ಆ ಅಕ್ಷರವನ್ನು ಇಂದು ದಿನಬಳಕೆಯಲ್ಲಿ ಜೀವಂತವಾಗಿ ಇಟ್ಟಿರುವ ಹೆಸರುಗಳಲ್ಲಿ ಒಂದು, ಬೊಳುವಾರು ಮಹಮದ್ ಕುಂಞಿ. 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲೇಖಕ. ಕನ್ನಡದ ನಿದ್ದೆ ಹೋದ ಅಕ್ಷರವನ್ನು ಒಬ್ಬ ಮುಸ್ಲಿಮನ ಹೆಸರು ಎಬ್ಬಿಸಿ ಕೂರಿಸಿದೆ. ಹೊರಳುವುದಿಲ್ಲ ಎನ್ನುವ ನಾಲಿಗೆಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ರಕ್ತ ಪರೀಕ್ಷೆಯ ಕಥೆ ಅರ್ಧಕ್ಕೆ ನಿಂತಿತ್ತು. ನಾನು ಆ ಹುಡುಗಿಗೆ ಏರುದನಿಯಲ್ಲಿ ಏನೋ ಹೇಳಲು ಹೊರಟಿದ್ದೆ. ತಾಯಿ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು. "ನಿನ್ನ ಹೆಸರೇನಮ್ಮಾ?" ಎಂದು ಅವಳನ್ನು ಕೇಳಿದರು. ಈಶಾನ್ಯದ ಬೆಟ್ಟಗಳ ಕಡೆಯವಳು. ಎದೆಯ ಮೇಲೆ ಹೆಸರಿನ ಪಟ್ಟಿಯಿತ್ತು. ನಾನು ಅದನ್ನು ನೋಡಿ, ಓದಲಾಗದೆ, ಅಲ್ಲಿಯವರೆಗೆ 'ಸಿಸ್ಟರ್' ಎಂದು ಕರೆದು ಕೆಲಸ ಸಾಗಿಸಿದ್ದೆ. ಅವಳು ಹೆಸರು ಹೇಳಿದಳು. ತಾಯಿ ತಪ್ಪಾಗಿ ಹೇಳಿದರು. ಅವಳು ನಕ್ಕು ತಿದ್ದಿದಳು. ಮೂರನೆಯ ಸಲ ಸರಿಯಾಯಿತು. "ಈಗ ನನ್ನದು ಹೇಳು" ಎಂದರು. ಅವಳಿಗೂ ಮೂರು ಸಲ ಬೇಕಾಯಿತು.

ಮರು ತಿಂಗಳು ನಾವು ಹೋದಾಗ ತಾಯಿಯ ಸರದಿ ಬಂತು. ಒಳಗಿನಿಂದ ಕರೆ ಕೇಳಿಸಿತು. ಈ ಸಲ ಅವರು ಮೊದಲ ಕರೆಗೇ ಎದ್ದರು.